ನಲವತ್ತೊಂದು ಕೊಡಗಳ ಪಾಳಿ

1988ರ ಫೆಬ್ರುವರಿಯ ಒಂದು ಗುರುವಾರ. ಬೆಳಿಗ್ಗೆ ಹತ್ತಕ್ಕೆ ಮಂಡಲ ಪಂಚಾಯ್ತಿಯ ಸೆಕ್ರೆಟರಿ ಮಂಜಪ್ಪ ಕರೇಕೊಪ್ಪದ ಚಾವಡಿಯ ಮುಂದೆ ಸೈಕಲ್ ಇಳಿದಾಗ ಅಲ್ಲಿ ನಲವತ್ತೊಂದು ಕೊಡಗಳು ಸಾಲಾಗಿ ಕುಳಿತಿದ್ದವು. ಹಿತ್ತಾಳೆಯವು, ತಾಮ್ರದವು, ನೆಗ್ಗಿದ ಅಲ್ಯುಮಿನಿಯಂನವು, ಆಗಷ್ಟೇ ಸಂತೆಗೆ ಬರತೊಡಗಿದ್ದ ಪ್ಲಾಸ್ಟಿಕ್‌ನವು ಎರಡು, ಕೊನೆಗೊಂದು ಮಣ್ಣಿನ ಕೊಡ. ಒಂದರಲ್ಲೂ ಹನಿ ನೀರಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವಳು ಒಬ್ಬಳೇ, ಕೆಳಗಿನ ಓಣಿಯ ಗುತ್ತೆವ್ವ.

“ಇದೇನಬೇ ಗುತ್ತೆವ್ವ, ಗ್ರಾಮಸಭಾ ದಿನಾನ ಕೊಡದ ಸಂತಿ ಹಚ್ಚೀಯಲ್ಲ?”

“ಸಂತಿ ಅಲ್ರಿ ಸಾಹೇಬ್ರ. ಸಭಾಕ್ಕ ಬಂದೇವಿ.”

“ಎಲ್ಲಿ ಬಂದೀರಿ? ನೀ ಒಬ್ಬಾಕಿ ಅದಿ.”

“ಇವು ಬಂದಾವಲ್ರಿ,” ಎಂದು ಗುತ್ತೆವ್ವ ಸಾಲಿನತ್ತ ಕೈ ತೋರಿಸಿದಳು. “ನಲವತ್ತೊಂದು ಅದಾವ. ಬೇಕಾದ್ರ ಎಣಿಸ್ರಿ.”

ಮಂಜಪ್ಪ ನಕ್ಕು ಒಳಗೆ ಹೋದ. ಗುತ್ತೆವ್ವ ನಗಲಿಲ್ಲ.

ಅವಳು ಹುಟ್ಟಿದ್ದು ಮಾಸೂರಿನಲ್ಲಿ. ಮದಗದ ಕೆರೆಯ ಮಗ್ಗುಲಲ್ಲಿ ಬೆಳೆದವಳಿಗೆ ನೀರಿಗಾಗಿ ಕಾದು ನಿಲ್ಲಬೇಕೆಂಬುದು ತಿಳಿದದ್ದು ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಶಿಗ್ಗಾಂವ ತಾಲೂಕಿನ ಈ ಊರಿಗೆ ಬಂದ ಮೇಲೆ. 1979ರಲ್ಲಿ ಕೆಳಗಿನ ಓಣಿಗೆ ಬೋರಿಂಗ್ ಕೊರೆದು ಕೈಪಂಪು ಕೂಡಿಸಿದರು. ಅದೇ ವರ್ಷ ಗಂಡ ತೀರಿಕೊಂಡ. ಪಂಪಿನ ಹತ್ತಿರ ದಿನಾ ಜಗಳ, ಜಡೆ ಹಿಡಿದು ಎಳೆದಾಟ. ಒಂದು ದಿನ ಗುತ್ತೆವ್ವ ನಡುವೆ ನಿಂತು ನೇಮ ಹಾಕಿದಳು: ಕೊಡ ಸಾಲಿನಲ್ಲಿದ್ದರೆ ಹೆಂಗಸು ಇದ್ದ ಹಾಗೆ. ಮನೆಗೆ ಹೋಗಿ ರೊಟ್ಟಿ ಬಡಿದು ಬಂದರೂ ಅವಳ ಪಾಳಿ ಅವಳದೇ. ಬಾಣಂತಿ ಇರುವ ಮನೆಯ ಕೊಡ ಮಾತ್ರ ಪಾಳಿ ಇಲ್ಲದೆ ಮುಂದೆ. ಸಾಲು ಕಾಯುವವಳು ಗುತ್ತೆವ್ವ. ಕಾಯುವವಳು ಸಾಲು ಬಿಟ್ಟು ಕದಲುವಂತಿಲ್ಲ, ಅವಳ ಕೊಡ ಯಾವತ್ತೂ ಕೊನೆಗೆ. ಒಂಬತ್ತು ವರ್ಷ ಆ ಮಾತಿಗೆ ಯಾರೂ ಎದುರಾಡಿರಲಿಲ್ಲ.

ಈಗ ಪಂಪು ಕೆಟ್ಟು ನಾಲ್ಕು ತಿಂಗಳು. ಹಿಡಿಕೆ ಎಷ್ಟು ಒತ್ತಿದರೂ ಗಾಳಿ ಕೆಮ್ಮುತ್ತಿತ್ತು. ನೀರು ಬೇಕೆಂದರೆ ಮೈಲಿ ದೂರದ ಹಳ್ಳದ ಒರತೆಗೆ ಹೋಗಬೇಕು. ಗುತ್ತೆವ್ವ ಅಲ್ಲಿಂದ ದಿನಕ್ಕೆ ನಾಲ್ಕು ಕೊಡ ತರಬಲ್ಲಳು, ಐದನೆಯದಕ್ಕೆ ಮೊಣಕಾಲು ಒಪ್ಪುವುದಿಲ್ಲ. ಆದರೆ ಮಗಳು ಶೇಖವ್ವನನ್ನು ಸೀಮಂತದ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕೆ ಕರೆತಂದಿದ್ದಳು. ದಿನ ತುಂಬಿದ್ದವು. ಬಾಣಂತಿಗೆ ಎರಡು ಹೊತ್ತು ಹಂಡೆಗಟ್ಟಲೆ ಬಿಸಿನೀರು ಹಾಕಬೇಕು, ಕೂಸಿಗೆ ಎರೆಯಬೇಕು, ಬಟ್ಟೆ ಒಗೆಯಬೇಕು. ಮನೆಯಲ್ಲಿ ಹೊರುವವರು ಇನ್ನೊಬ್ಬರಿಲ್ಲ. ಕೂಸು ಬರುವುದರೊಳಗೆ ಪಂಪಿಗೆ ನೀರು ಬರಬೇಕು, ಅಷ್ಟೇ ಅವಳ ಲೆಕ್ಕ.

ವಾಲೀಕಾರ ಡಂಗುರ ಸಾರಿದ್ದ: ಗುರುವಾರ ಚಾವಡಿಯಲ್ಲಿ ಗ್ರಾಮಸಭೆ, ಗಂಡಸರು ಹೆಂಗಸರು ಯಾರು ಬೇಕಾದರೂ ಬಂದು ಪಾಳಿ ಪ್ರಕಾರ ತಮ್ಮ ಕುಂದುಕೊರತೆ ಹೇಳಬಹುದು. ಪಾಳಿ ಎಂದ ಮೇಲೆ ಕೆಳಗಿನ ಓಣಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಹೆಂಗಸರು ನಸುಕಿಗೇ ಚಾವಡಿ ಮುಂದೆ ಕೊಡ ಇಟ್ಟು, ಭರಮಪ್ಪನ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದರು.

ಸಭೆ ಶುರುವಾಯಿತು. ಕಟ್ಟೆಯ ಮೇಲೆ ಗಂಡಸರು ಮೂವತ್ತು ಮಂದಿ. ಗುತ್ತೆವ್ವ ಕೆಳಗೆ ಕೊಡಗಳ ಪಕ್ಕ ನಿಂತು ಕೇಳಿದಳು. ಹೊಲದ ದಾರಿ ಆಯಿತು, ದೀಪದ ಕಂಬ ಆಯಿತು, ಶಾಲೆಯ ಹಂಚು ಆಯಿತು. ಹನ್ನೆರಡಾದರೂ ಬೋರಿಂಗ್ ಮಾತು ಬರಲಿಲ್ಲ. ಮಂಡಲದ ಪ್ರಧಾನ ಉಡಚಪ್ಪ ಕೈಗಡಿಯಾರ ನೋಡಿದ. ಒಂದು ಗಂಟೆಯ ಬಸ್ಸಿಗೆ ಅವನು ಶಿಗ್ಗಾಂವಕ್ಕೆ ಹೋಗಬೇಕಿತ್ತು.

“ಮುಗೀತಲ್ಲ? ಸಭಾ ಬರ್ಕಾಸ್ತ.”

“ಇನ್ನೂ ಪಾಳಿ ಅದಾವರಿ ಯಪ್ಪಾ,” ಗುತ್ತೆವ್ವನ ದನಿ ಕೆಳಗಿನಿಂದ ಬಂತು. “ನಲವತ್ತೊಂದು.”

ಕಟ್ಟೆಯ ಮೇಲೆ ನಗು ಎದ್ದಿತು. “ಕೊಡಾ ಮಾತಾಡ್ತಾವನು?” ಎಂದು ಒಬ್ಬ ಕೂಗಿದ.

“ನೀರು ತುಂಬಿದ್ರ ಮಾತಾಡ್ತಿದ್ದಿಲ್ಲ. ಬರಿದು ಅದಾವಲ್ಲ, ಅದಕ್ಕ ಮಾತಾಡಾಕ ಬಂದಾವ.”

ಉಡಚಪ್ಪ ಮಂಜಪ್ಪನ ಮುಖ ನೋಡಿದ. ಮಂಜಪ್ಪ ರಿಜಿಸ್ಟರ್ ತಟ್ಟಿದ. “ಹಾಜರಿದ್ದವ್ರ ಮಾತಷ್ಟ ಬರೀಬೇಕ್ರಿ. ಕೊಡಕ್ಕ ಹಾಜರಿ ಹಾಕಾಕ ಬರೂದಿಲ್ಲ.”

“ಕೇಳಿದೇನಬೇ?” ಎಂದ ಉಡಚಪ್ಪ. “ಒಂದಕ್ಕ ಬಸ್ ಐತಿ. ಅಷ್ಟರಾಗ ಕರಕೊಂಡ ಬಂದ್ರ ಬರಸ್ತೇನಿ.”

ಹೊಲ ಒಂದು ಮೈಲಿ. ಹೋಗಿ ಬರಲು ಮುಕ್ಕಾಲು ಗಂಟೆ. ಆದರೆ ಕಾಯುವವಳು ಸಾಲು ಬಿಟ್ಟು ಹೋಗುವುದು ಹೇಗೆ? ಗುತ್ತೆವ್ವ ಅತ್ತಿತ್ತ ನೋಡುತ್ತಿರುವಾಗಲೇ ಶೇಖವ್ವ ಸೊಂಟಕ್ಕೆ ಕೈ ಕೊಟ್ಟುಕೊಂಡು ಓಣಿಯಿಂದ ಬಂದಳು. ನಗು ಅವಳ ಮನೆಯ ತನಕ ಕೇಳಿಸಿತ್ತು.

“ನೀ ಹೋಗಬೇ ಯವ್ವಾ. ನಾ ಕಾಯ್ತೇನಿ.”

ಗುತ್ತೆವ್ವ ಸೆರಗು ಬಿಗಿದು ಹೊರಟಳು. ಮೊದಲು ದೊಡ್ಡ ಹೆಜ್ಜೆ, ಊರು ದಾಟಿದ ಮೇಲೆ ಓಟ. ನಾಲ್ಕು ಕೊಡಕ್ಕೆ ಸೋಲುತ್ತಿದ್ದ ಮೊಣಕಾಲು ಆ ಹೊತ್ತು ಸುಮ್ಮನಿತ್ತು. ಹೊಲದ ಬದುವಿನ ಮೇಲೆ ನಿಂತು ಅವಳು ಕೂಗಿದಾಗ ಮೊದಲು ತಲೆ ಎತ್ತಿದವಳು ಗೌಸಬಿ, ಸಾಲಿನಲ್ಲಿ ಮೊದಲ ಕೊಡದವಳು.

“ಕೊಡಾ ನಡೀಲಿಲ್ಲವಾ,” ಎಂದಳು ಗುತ್ತೆವ್ವ. “ ನಾವ ಬೇಕಂತ. ಒಂದರೊಳಗ.”

ಹೆಂಗಸರು ಹೊಲದ ಯಜಮಾನ ಭರಮಪ್ಪನ ಕಡೆ ನೋಡಿದರು. ಅವನು ಬಾಯೊಳಗಿನ ಎಲೆ ಉಗುಳಿದ. “ನನ್ನ ಮುಖಾ ಏನ ನೋಡ್ತೀರಿ? ಮೆಣಸಿನಕಾಯಿ ಏನ್ ಓಡಿ ಹೋಗ್ತಾವನು? ಬಸ್ ಹೋಗ್ತೈತಿ. ನಡೀರಿ.”

ನಲವತ್ತು ಮಂದಿ ಉಡಿಯಲ್ಲಿದ್ದ ಕಾಯಿಗಳನ್ನು ರಾಶಿಗೆ ಸುರಿದು ಹೊರಟರು. ಕಾರದ ಕೈ, ಬೆವರು ಒರೆಸಿಕೊಳ್ಳುವಂತಿಲ್ಲ. ಕಣ್ಣಿಗಿಳಿದ ಬೆವರನ್ನು ತೋಳಿನಿಂದ ತಳ್ಳುತ್ತ, ಒಬ್ಬರನ್ನೊಬ್ಬರು “ನಡಿ ನಡಿ” ಎನ್ನುತ್ತ, ಕಾಲುದಾರಿಯಲ್ಲಿ ಧೂಳೆಬ್ಬಿಸಿ ಬಂದರು. ಊರ ಹೊರಗೇ ಬಸ್ಸಿನ ಹಾರ್ನ್ ಕೇಳಿಸಿತು. ಗುತ್ತೆವ್ವ ಮತ್ತೆ ಓಡತೊಡಗಿದಳು.

ಚಾವಡಿ ಕಂಡಾಗ ಬಸ್ಸು ಹೊರಟುಹೋಗಿತ್ತು. ಆದರೆ ಉಡಚಪ್ಪ ಕಟ್ಟೆಯ ಮೇಲೆಯೇ ಕುಳಿತಿದ್ದ. ಅವನು ಎದ್ದಾಗ ಶೇಖವ್ವ ಮೆಟ್ಟಿಲಿಗೆ ಅಡ್ಡ ಕುಳಿತು, “ನನಗ ಲಗೂನ ಏಳಾಕ ಬರೂದಿಲ್ಲರಿ ಕಾಕಾ. ದಾಟಿ ಹೋಗ್ತೀರೇನು?” ಎಂದಿದ್ದಳಂತೆ. ತುಂಬು ಬಸುರಿಯನ್ನು ದಾಟುವ ಗಂಡಸು ಆ ಊರಲ್ಲಿ ಇರಲಿಲ್ಲ.

ಒಬ್ಬೊಬ್ಬಳೂ ತನ್ನ ತನ್ನ ಕೊಡದ ಹಿಂದೆ ನಿಂತಳು. ಯಾರೂ ಸಾಲು ತಪ್ಪಿಸಲಿಲ್ಲ. ಗೌಸಬಿ ಮೊದಲು ಹೇಳಿದಳು: “ಬೋರಿಂಗ್ ಕೆಟ್ಟೈತ್ರಿ.” ಮಂಜಪ್ಪ ಬರೆದ. ಎರಡನೆಯವಳು ವೀರವ್ವ. “ಬೋರಿಂಗ್ ಕೆಟ್ಟೈತ್ರಿ.” ಮಂಜಪ್ಪ ಪೆನ್ನು ಎತ್ತಿದ.

“ಎಲ್ಲಾರದೂ ಒಂದ ಮಾತಂದ್ರ ಒಂದ ಸಲ ಬರದ್ರ ಸಾಕಲ್ಲವಾ.”

“ಅದ್ಹೆಂಗ್ರಿ?” ಎಂದಳು ಗೌಸಬಿ. “ನನ್ನ ಕೊಡ ತುಂಬಿದ್ರ ಆಕಿ ಮನ್ಯಾಗ ಅಡಗಿ ಆಗ್ತೈತೇನು? ಆಕಿ ಕೊಡ ಬ್ಯಾರೆ, ನನ್ನ ಕೊಡ ಬ್ಯಾರೆ. ಬರೀರಿ.”

ಈ ಸಲ ಕಟ್ಟೆಯ ಮೇಲಿನವರು ನಕ್ಕದ್ದು ಮಂಜಪ್ಪನನ್ನು ನೋಡಿ. ಅವನು ಬರೆದ. ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು, ಪುಟದಲ್ಲಿ ಮಸಿಯ ಜತೆ ಮೆಣಸಿನ ಕೆಂಪೂ ಹತ್ತಿತು. ಹಾಳೆ ಮಗುಚುವಾಗ ಬೆರಳು ನಾಲಿಗೆಗೆ ತಗಲಿ ಮಂಜಪ್ಪ ಎರಡು ಸಲ ಸೀನಿದ. ನಲವತ್ತೊಂದನೆಯದು ಮಣ್ಣಿನ ಕೊಡ. ಗುತ್ತೆವ್ವ ಅದನ್ನು ಮುಟ್ಟಿ ಹೇಳಿದಳು: “ಬೋರಿಂಗ್ ಕೆಟ್ಟೈತ್ರಿ. ಮಗಳು ಇವತ್ತೋ ನಾಳೆಯೋ ಅನ್ನಾಕತ್ತಾಳ.”

ಉಡಚಪ್ಪ ಪುಟಗಳನ್ನು ತಿರುವಿ ನೋಡಿದ. “ಇದನ್ನ ಮ್ಯಾಲಿನವ್ರು ನೋಡಿದ್ರ ನನ್ನ ಖುರ್ಚಿ ಹೋಗಿ ನಾನೂ ಒರತಿಗೆ ಹೋಗಬೇಕಾಗ್ತೈತಿ,” ಎಂದು ಅಲ್ಲೇ ರಿಪೇರಿಗೆ ಸಹಿ ಮಾಡಿದ.

ಶನಿವಾರ ಮೆಕ್ಯಾನಿಕ್ ರಾಜೇಸಾಬ ಶಿಗ್ಗಾಂವದಿಂದ ಬಂದ. ಪೈಪುಗಳನ್ನು ಒಂದೊಂದಾಗಿ ಮೇಲೆಳೆದು, ತಳದಲ್ಲಿ ಸವೆದು ಹರಿದಿದ್ದ ಅಂಗೈಯಗಲದ ಚರ್ಮದ ವಾಶರನ್ನು ಎತ್ತಿ ತೋರಿಸಿದ. ನಾಲ್ಕು ತಿಂಗಳ ಒರತೆಯ ದಾರಿ ಅದೊಂದರಿಂದ. ಸಂಜೆಗೆ ಹಿಡಿಕೆ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಓಣಿಯೆಲ್ಲ ಅಲ್ಲೇ ಇತ್ತು. ಗೌಸಬಿ ಮಣ್ಣಿನ ಕೊಡವನ್ನು ಕೊನೆಯಿಂದ ಎತ್ತಿ ಮುಂದೆ ಇಟ್ಟಳು.

ಗುತ್ತೆವ್ವ ಅದನ್ನು ತಿರುಗಿ ಹಿಂದಕ್ಕೊಯ್ದಳು. “ನೇಮ ಬಾಣಂತಿಗಿ ಐತಿ. ಬಸುರಿಗಿ ಇಲ್ಲ.”

ಭಾನುವಾರ ನಸುಕಿಗೆ ಶೇಖವ್ವ ಹೆಣ್ಣು ಹೆತ್ತಳು. ಸೂಲಗಿತ್ತಿ ನೀರು ಕೇಳಿದಳು. ಗುತ್ತೆವ್ವ ಕೊಡ ಹಿಡಿದು ಪಂಪಿನ ಹತ್ತಿರ ಬಂದಾಗ ಸಾಲು ಬೆಳೆದಿತ್ತು. ಆದರೆ ಎಲ್ಲ ಕೊಡಗಳೂ ಒಂದು ಗೇಣು ಹಿಂದೆ ಸರಿದಿದ್ದವು, ಪಂಪಿನ ಬಾಯಿಯ ಕೆಳಗೆ ಒಂದು ಕೊಡದ ಜಾಗ ಖಾಲಿ ಇತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಎಲ್ಲರಿಗಿಂತ ಮುಂದೆ ಕೊಡ ಇಟ್ಟಳು. ಹಿಡಿಕೆ ಒತ್ತಲು ಕೈ ಚಾಚಿದಳು, ಅಷ್ಟರಲ್ಲಿ ಗೌಸಬಿ ಒತ್ತತೊಡಗಿದ್ದಳು.