ಅವ್ವನ ಮೊಣಕಾಲಿನ ಪುಡಿ

ದೆವ್ವ, ಶಕುನ, ಕಾಣದವರ ದನಿ, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು; ಯಾರಾದರೂ ಇಂಥ ಮಾತು ತೆಗೆದರೆ ಬೈದು ಕಳಿಸುತ್ತಿದ್ದೆ. ಈಗ ಬೈಯುವ ಧೈರ್ಯವಿಲ್ಲ.

ನಾಲ್ಕು ವರ್ಷಗಳ ಹಿಂದೆ ಅವ್ವನ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಾಣಿಸಿತು. ವಾಡಿಯ ನಮ್ಮ ಮನೆಯಿಂದ ಕರೆತಂದು ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ನಿಗೆ ಮುಂಚೆ ಡಾಕ್ಟರು ನನ್ನನ್ನು ಕೂರಿಸಿಕೊಂಡು, ವಯಸ್ಸು, ಸಕ್ಕರೆ ಕಾಯಿಲೆ, ತಂಬಾಕು, ಸೊರಗಿದ ಮೈ, ಯಾವುದಿದ್ದರೂ ಅಪಾಯ ಹೆಚ್ಚು ಎಂದರು. ಗ್ರಂಥಿ ಮೆತ್ತಗಿದ್ದರೆ ಹೊಲಿಗೆ ಸೋರಬಹುದು ಎಂದೂ ಹೇಳಿದರು.

“ಮತ್ತ ಏನರೆ ಔಷಧ ತೊಗೋತಾರೇನ್ರಿ?”

“ಏನೂ ಇಲ್ರೀ ಸರ. ಒಂದು ಗುಳಿಗಿ ಸುದ್ದಾ ನುಂಗಂಗಿಲ್ಲ,” ಎಂದೆ ಹೆಮ್ಮೆಯಿಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಮಧ್ಯಾಹ್ನ ಅವ್ವನ ಬಿ.ಪಿ. ಇಳಿಯತೊಡಗಿತು. ಸಲೈನ್ ಏರಿಸಿದರು, ರಕ್ತ ಕೊಟ್ಟರು, ಸ್ಕ್ಯಾನ್ ಮಾಡಿದರು. ಸೋರಿಕೆ ಇಲ್ಲ, ರಕ್ತಸ್ರಾವವೂ ಇಲ್ಲ. ಕಾರಣ ಗೊತ್ತಾಗುತ್ತಿಲ್ಲ, ಉಳಿಯುವುದು ಕಷ್ಟ ಎಂದರು. ಐಸಿಯು ಹೊರಗಿನ ಬೆಂಚಿನ ಮೇಲೆ ಕುಸಿದು ಕುಳಿತವನಿಗೆ ಅದ್ಯಾವಾಗ ಕಣ್ಣು ಹತ್ತಿತೋ.

ಯಾರೋ ಭುಜ ಹಿಡಿದು ಅಲುಗಾಡಿಸಿದರು. “ಏಳಪಾ, ಮೊದ್ಲ ನನ್ನ ಮೊಣಕಾಲಿನ ಪುಡಿ ಕೊಡು.” ಅವ್ವನ ದನಿಯೇ. ಕಣ್ಣು ಬಿಟ್ಟರೆ ಕಾರಿಡಾರಿನಲ್ಲಿ ಯಾರೂ ಇಲ್ಲ.

ಮೊಣಕಾಲು ನೋವಿಗೆಂದು ಚಿಂಚೋಳಿ ಕಡೆಯವನೊಬ್ಬ ಮಾರುವ ಪುಡಿಯನ್ನು ಅವ್ವ ಆರು ವರ್ಷದಿಂದ ಜೇನಿನಲ್ಲಿ ಕಲಸಿ ತಿನ್ನುತ್ತಿದ್ದಳು. ತಂದುಕೊಡುತ್ತಿದ್ದವನು ನಾನೇ. ಅದು ವಾಡಿಯ ಮನೆಯಲ್ಲೇ ಉಳಿದಿತ್ತು. ಓಡಿಹೋಗಿ ಹೇಳಿದೆ. ಡಾಕ್ಟರು ತಲೆಗೆ ಕೈ ಹಚ್ಚಿಕೊಂಡರು.

“ಯಾಕ ಹೇಳಲಿಲ್ರಿ ಮಾಸ್ತರ?”

“ನೀವು ಔಷಧ ಕೇಳಿದ್ರಿ. ಅದು ಪುಡಿರಿ.”

ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಮೈ ಅದಕ್ಕೆ ಒಗ್ಗಿದ ಮೇಲೆ ಒಮ್ಮೆಲೇ ನಿಂತರೆ ಬಿ.ಪಿ. ಕುಸಿಯುತ್ತದೆ ಎನ್ನುತ್ತಲೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಂಜೆಯೊಳಗೆ ಬಿ.ಪಿ. ಏರಿತು.

ಅದು ಕನಸೆಂದೇ ನನಗೆ ನಾನು ಸಮಾಧಾನ ಹೇಳಿಕೊಂಡೆ. ಮನಸ್ಸಿನ ಮೂಲೆಯಲ್ಲಿದ್ದದ್ದು ಎದ್ದುಬಂದಿರಬೇಕು, ಅಷ್ಟೆ. ವಾರದ ಮೇಲೆ ಅವ್ವನಿಗೆ ಗಂಜಿ ಕುಡಿಸುತ್ತಿದ್ದೆ. ನಾನು ಏನೂ ಕೇಳಿರಲಿಲ್ಲ. ಅವಳೇ ಗೊಣಗಿದಳು.

“ಕುಂಭಕರ್ಣ ಇದ್ದಂಗ ಇದ್ದಿ ನೋಡು. ಅವತ್ತ ಪುಡಿ ಬೇಕಂತ ಮೂರು ಸಲ ಬಂದು ಎಬ್ಬಿಸೀನಿ. ಇನ್ನೇನ ಹೊಳ್ಳಿ ಹೋಗಾಕಿ ಇದ್ದೆ.”

ಆ ಮಧ್ಯಾಹ್ನ ಅವಳ ಗಂಟಲಲ್ಲಿ ನಳಿಕೆ ಇತ್ತು, ಪ್ರಜ್ಞೆ ಇರಲಿಲ್ಲ. ಇದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಮೊದಲ ಎರಡು ಸಲ ನಾನು ಏಳಲಿಲ್ಲವಲ್ಲ, ಅದನ್ನು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ.