ಹತ್ತಣ್ಣನ ಉಸಿರು

ನಮ್ಮ ಡಬ್ಬಿ ಮುಚ್ಚಳದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಪ್ರೆಸ್ಸಿನ ಬಾಯಿಗೆ ಕೈ ಹಾಕಿಯೂ ಹತ್ತಕ್ಕೆ ಹತ್ತು ಬೆರಳು ಉಳಿಸಿಕೊಂಡ ಗಂಡಸೆಂದರೆ ಹತ್ತಣ್ಣ ಒಬ್ಬನೇ. ಮೂರು ಲೋಕ ಜಾಲಾಡಿದರೂ ಇನ್ನೊಬ್ಬ ಸಿಗಲಾರ. ಪಕ್ಕದ ಪ್ರೆಸ್ಸಿನ ನನಗೆ ಉಳಿದಿರುವುದು ಎಂಟು; ಆ ಹೆಸರಿಟ್ಟವನೂ ನಾನೇ.

ಅವನ ಗುಟ್ಟು ಉಸಿರಿನಲ್ಲಿತ್ತು. ತಗಡು ಇಡುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಕೈ ಹೊರಗೆ ಬಂದ ಮೇಲೆಯೇ ‘ಹುಫ್’ ಎಂದು ಬಿಡುತ್ತಿದ್ದ. ಆ ಹುಫ್ ಆದರಷ್ಟೇ ಅವನ ಕಾಲು ಪೆಡಲ್ ಒತ್ತಿ ಪ್ರೆಸ್ ಇಳಿಸುತ್ತಿತ್ತು.

ದಿನಕ್ಕೆ ನಾಲ್ಕು ಸಾವಿರ ಸಲ ಉಸಿರು ಕಟ್ಟುವವನ ಬಿಪಿ ಎಷ್ಟಿರಬೇಡ? ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದರೆ ಮೀಟರಿನ ಮುಳ್ಳು ಗಾಜು ಒಡೆದುಕೊಂಡು ಕಿಟಕಿಯಿಂದ ಹಾರಿಹೋಗುತ್ತಿತ್ತು. ನಿದ್ದೆಯಿಲ್ಲ. ಚಹಾ ತಣ್ಣಗಿದೆಯೆಂದು ಕೂಗಿದರೆ ಮೂರನೇ ಬೀದಿಯ ಕೂಸು ಎದ್ದು ಅಳುತ್ತಿತ್ತು. ಮಾತ್ರೆಯ ಜೊತೆ ಧ್ಯಾನವನ್ನೂ ಮಾಡು ಎಂದರು ಡಾಕ್ಟರು.

ಧ್ಯಾನದ ಗುರುಗಳು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಕೂರಿಸಿದರು. “ಉಸಿರನ್ನ ಹಿಡೀಬೇಡಿ. ತಾನಾಗೇ ಬರಲಿ, ತಾನಾಗೇ ಹೋಗಲಿ. ಕೆಲಸದಲ್ಲೂ ಇದೇ ಅಭ್ಯಾಸ ಇರಲಿ” ಎಂದರು. ಅವರು ಪ್ರೆಸ್ ಕಂಡವರಲ್ಲ. ಪ್ರೆಸ್ಸಿನ ಮುಂದೆ ಹೇಗೆ ಎಂದು ಇವನು ಕೇಳಿದವನೂ ಅಲ್ಲ.

ಸುಳ್ಳೇಕೆ, ಎರಡೇ ತಿಂಗಳಲ್ಲಿ ಬಿಪಿ ಇಳಿಯಿತು, ನಿದ್ದೆ ಬಂತು. ಅವನ ಹೆಂಡತಿ ದಾರಿಯಲ್ಲಿ ಸಿಕ್ಕಾಗ, “ಅಣ್ಣಾ, ಈಗ ಬೈಯೋದೇ ಇಲ್ಲ ಇವರು. ಇದಾರೋ ಇಲ್ವೋ ಅಂತ ಮೂಗಿನ ಹತ್ರ ಕೈ ಹಿಡಿದು ನೋಡ್ತೀನಿ” ಎಂದು ನಕ್ಕಳು.

“ನಿನ್ನ ಹುಫ್ ಎಲ್ಲೋಯ್ತೋ?” ಎಂದು ನಾನು ಕೇಳಿದೆ.

“ಅದು ಬರೀ ಭಯ ಕಣೋ. ಬಿಟ್ಟೋಯ್ತು.”

ಒಂದು ಮಂಗಳವಾರ ಬೆಳಿಗ್ಗೆ ತಗಡು ಸರಿಮಾಡುತ್ತಿದ್ದ. ಕೈ ಇನ್ನೂ ಒಳಗಿರುವಾಗಲೇ ಒಂದು ಉಸಿರು ತಾನಾಗೇ ಹೊರಗೆ ಹೋಯಿತು. ಇಪ್ಪತ್ತೆಂಟು ವರ್ಷ ಹೇಳಿದಂತೆ ಕೇಳಿದ ಕಾಲು ಅದನ್ನು ನಂಬಿ ಪೆಡಲ್ ಒತ್ತಿತು.

ಬಲಗೈಯ ತೋರುಬೆರಳು, ನಡುಬೆರಳು ಹೋದವು. ನನ್ನ ಸಮಕ್ಕೆ ಬಂದ; ಯಾರೂ ನಗಲಿಲ್ಲ. ಗಾಯ ಒಣಗುವ ಮೊದಲೇ ಮೇಸ್ತ್ರಿ ಅವನ ಸ್ಟೂಲಿನಲ್ಲಿ ಬೇರೆಯವನನ್ನು ಕೂರಿಸಿದ. ಬೇರೆ ಕೆಲಸ ಕೊಡುವವರಿಲ್ಲ. ಬಿಪಿ ಮತ್ತೆ ಏರಿತು, ಕೂಗು ಮಾತ್ರ ಮರಳಲಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ಪ್ರೆಸ್ ಇಳಿಯುತ್ತದಂತೆ.

ಡಾಕ್ಟರು ಮತ್ತೆ ಧ್ಯಾನವೆಂದರು. ಬೇರೆ ದಾರಿ ಕಾಣದೆ ನಾನೇ ಕರೆದುಕೊಂಡು ಹೋದೆ. ಗುರುಗಳು ಕಣ್ಣು ಮುಚ್ಚಿಕೊಂಡೇ, “ಎಲ್ಲರೂ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ” ಎಂದರು.

ಹತ್ತಣ್ಣ ಬಟ್ಟೆ ಸುತ್ತಿದ ಬಲಗೈ ಎತ್ತಿದ.

“ಹೆಬ್ಬೆರಳು ತಂದಿದೀನಿ ಗುರುಗಳೇ. ಇನ್ನೊಂದು ನಿಮ್ಮ ಹತ್ರಾನೇ ಇರಬೇಕು, ಸ್ವಲ್ಪ ಕಣ್ಣು ಬಿಟ್ಟು ಹುಡುಕಿ.”