ಅಕ್ಕನ ಬಲಗೈ

ಮೊನ್ನೆ ಸುಲ್ತಾನ್ ಬಜಾರಿನಲ್ಲಿ ಅಂಗಡಿಯವನು ಬಟ್ಟೆಗಳ ಗಂಟಿಗೆ ಬಿಳಿ ಅರಿವೆಯ ಪಟ್ಟಿ ಸುತ್ತಿ ಬಿಗಿದಾಗ ನನ್ನ ಕಣ್ಣು ಅವನ ಬೆರಳುಗಳ ಮೇಲೇ ನಿಂತಿತು. ಅಂಥದೇ ಪಟ್ಟಿ ಒಮ್ಮೆ ಅಕ್ಕನ ಎರಡೂ ಮಣಿಕಟ್ಟುಗಳಲ್ಲಿತ್ತು.

ನ್ಯುಮೋನಿಯಾ ಆಗಿ ಅವಳು ಐಸಿಯುನಲ್ಲಿದ್ದಳು. ಉಸಿರಾಟಕ್ಕೆಂದು ಗಂಟಲೊಳಗೆ ನಳಿಕೆ ಇಳಿಸಿದ್ದರಿಂದ ಮಾತು ನಿಂತಿತ್ತು. ತಾರ್ನಾಕದ ಅವಳ ಬೀದಿಗೆ ಇದು ಎಂಥ ಸುದ್ದಿ ಎಂಬುದು ನಿಮಗೆ ತಿಳಿಯಲಿಕ್ಕಿಲ್ಲ. ಕಲಬುರಗಿಯಿಂದ ಮದುವೆಯಾಗಿ ಬಂದ ಅಕ್ಕ ತರಕಾರಿಯವಳ ಜೊತೆ ತೆಲುಗು, ಹಾಲಿನವನ ಜೊತೆ ಹಿಂದಿ, ಗಂಡನ ಜೊತೆ ಕನ್ನಡ ಆಡುತ್ತಿದ್ದಳು. ಮೂರರಲ್ಲೂ ಎದುರಿನವರಿಗೆ ಬಾಯಿ ತೆರೆಯಲು ಬಿಡುವು ಇರುತ್ತಿರಲಿಲ್ಲ.

ನಿದ್ದೆಗಣ್ಣಿನಲ್ಲಿ ಒಮ್ಮೆ ನಳಿಕೆ ಎಳೆದಳೆಂದು ಕೈ ಕಟ್ಟಿದ್ದರು. ಪೂರ್ತಿ ಎಚ್ಚರವಾದ ಮೇಲೂ ಅವಳು ಪಟ್ಟಿಯನ್ನು ಜಗ್ಗುತ್ತಲೇ ಇದ್ದಳು. ಹೀಗೇ ಒದ್ದಾಡಿದರೆ ಮತ್ತೆ ನಿದ್ದೆಯ ಔಷಧ ಕೊಡಬೇಕಾಗುತ್ತದೆ, ನಳಿಕೆ ತೆಗೆಯುವುದು ಮುಂದೆ ಹೋಗುತ್ತದೆ ಎಂದರು ಡಾಕ್ಟರು. ಅವಳಿಗೇನು ಬೇಕೆಂದು ತಿಳಿಯಲೇಬೇಕಿತ್ತು.

ಕೇಳುವುದು ನನ್ನ ಕಸುಬು. ಹೌದು, ಅಲ್ಲ ಎಂಬುದರಲ್ಲಿ ಮುಗಿಯುವ ಪ್ರಶ್ನೆ ಕೇಳಬೇಡ ಎಂದು ಪತ್ರಿಕೆಯ ಕಚೇರಿಯಲ್ಲಿ ನನಗೆ ಕಲಿಸಿದ್ದರು. ಹೊಸಬರಿಗೆ ನಾನೂ ಅದನ್ನೇ ಕಲಿಸುತ್ತ ಬಂದಿದ್ದೆ. ಈಗ ನನ್ನ ಬಳಿ ಅಂಥ ಪ್ರಶ್ನೆಗಳು ಮಾತ್ರ ಉಳಿದಿದ್ದವು. ಹೌದಾದರೆ ಒಮ್ಮೆ ಕಣ್ಣು ಮುಚ್ಚು, ಅಲ್ಲವಾದರೆ ಎರಡು ಸಲ ಎಂದು ಅವಳಿಗೆ ಹೇಳಿದೆ. ನೋವೇ? ಎರಡು ಸಲ. ಬಾಯಾರಿಕೆಯೇ? ಎರಡು ಸಲ. ಊರಿನಿಂದ ಯಾರನ್ನಾದರೂ ಕರೆಸಬೇಕೇ? ಬೇಡ. ಅವಳ ಗಂಡ, ನನ್ನ ಮಾವ, ಹಿಂದಿನಿಂದ ದೇವರ ತೀರ್ಥ ಬೇಕೇನೋ ಕೇಳು ಎಂದರು. ಅದಕ್ಕೂ ಎರಡು ಸಲ, ತುಸು ಸಿಟ್ಟಿನಿಂದಲೇ. ಪ್ರಶ್ನೆಗಳು ತೀರಿದ ಮೇಲೆ ಅವಳ ಬೆರಳುಗಳತ್ತ ನೋಡಿದೆ.

"ಕೈ ಬಿಚ್ಚಬೇಕೇನಕ್ಕಾ?"

ಒಮ್ಮೆ.

"ಪೈಪ ಕಿತ್ಕೋತೀ ಏನು?"

ಎರಡು ಸಲ.

ನರ್ಸ್ ಹುಡುಗಿ ಒಪ್ಪಲಿಲ್ಲ. ನಾನೂ ವಾದಿಸಲಿಲ್ಲ, ಏನಾದರೂ ಆದರೆ ಉತ್ತರ ಹೇಳಬೇಕಾದವಳು ಅವಳು. ಕೊನೆಗೆ ಅವಳೇ ತನ್ನ ಅಂಗೈಯನ್ನು ಅಕ್ಕನ ಕಟ್ಟಿದ ಬಲಗೈಯ ಕೆಳಗೆ ಒಡ್ಡಿ, ನಳಿಕೆ ಮುಟ್ಟುವುದಿಲ್ಲವೆಂದು ಆಣೆ ಮಾಡುತ್ತೀರಾ ಎಂದು ತೆಲುಗಿನಲ್ಲಿ ಕೇಳಿದಳು. ಅಕ್ಕ ಆ ಅಂಗೈಯನ್ನು ಒತ್ತಿ ಹಿಡಿದಳು.

ಬಿಚ್ಚಿದ ಕೈ ನಳಿಕೆಯ ಹತ್ತಿರ ಹೋಗಲಿಲ್ಲ. ಹೆಗಲಿನಿಂದ ಜಾರಿದ್ದ ಆಸ್ಪತ್ರೆಯ ಅಂಗಿಯನ್ನು ಮೇಲೆಳೆದುಕೊಂಡಿತು. ಅದರ ಮೇಲೆ ಹೊದಿಕೆಯನ್ನು ಕತ್ತಿನವರೆಗೂ ಎಳೆಯಿತು. ಅಲ್ಲಿಯವರೆಗೆ ಬಂದುಹೋಗುವವರೆಲ್ಲರ ಮುಂದೆ ಅವಳು ಅಂಗಿ ಜಾರಿದ ಹಾಗೇ ಮಲಗಿದ್ದಳು. ನಾವು ದೇವರು, ಊರು ಎಂದು ಕೇಳುತ್ತಿದ್ದೆವು. ಆಮೇಲೆ ಅದೇ ಕೈ ಮಾವನ ಅಂಗಿಯತ್ತ ಬೆರಳು ಮಾಡಿತು. ಅವರು ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು ಬಂದಿದ್ದರು.

"ಇಂಥಾದ್ರಾಗೂ ಇಕಿಗೆ ನನ್ನ ಗುಂಡೀನ ಕಾಣ್ತಾವ ನೋಡು," ಎಂದ ಮಾವ ಗೋಡೆಯ ಕಡೆ ತಿರುಗಿ ಅವನ್ನು ಸರಿಮಾಡಿಕೊಂಡರು.

ನಿದ್ದೆಯ ಔಷಧ ಬೇಕಾಗಲಿಲ್ಲ. ಮರುದಿನ ನಳಿಕೆ ತೆಗೆದರು.

ಈಗಲೂ ಪಕ್ಕದ ಮನೆಯ ರಾಯಚೂರಿನವರು, ಅಕ್ಕ ಎದುರಿಗೇ ಕೂತಿದ್ದರೂ, "ಹೆಂಗದಾರ್ರಿ ಈಗ?" ಎಂದು ನನ್ನನ್ನು ಕೇಳುತ್ತಾರೆ. ಮೊದಲಾಗಿದ್ದರೆ ಒಂದು ವಾಕ್ಯದಲ್ಲಿ ನಾನೇ ಹೇಳಿ ಮುಗಿಸುತ್ತಿದ್ದೆ.

"ಅಕ್ಕನ್ನ ಕೇಳ್ರಿ," ಎನ್ನುತ್ತೇನೆ.

ಅಕ್ಕ ಗಂಟಲು ಸರಿಮಾಡಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಾಳೆ. ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ.